ಮಲ್ಪೆ ಫೀಲ್ಡ್‌ವರ್ಕ್, ಪಕ್ಷಪಾತದ ಪ್ರಶ್ನೆಗೆ
ಬಂದರಲ್ಲಿ ಮೀನು ಮಾರುವ ಹೆಂಗಸರೊಟ್ಟಿಗೆ ಇದ್ದು ಇದ್ದು ಈಗ ಅವರ ಪರವೇ ಬರೀತಾ ಇದ್ದೇನೆ, ಎಂತ ಮಾಡುದು ಅಂತ ಕೇಳಿದ್ರಲ್ಲ, ಪ್ರೀತಿ ಬಂದದ್ದು ತಪ್ಪಲ್ಲ ಮಾರಾಯ್ರೆ, ಅದು ಗೊತ್ತೇ ಆಗದ ಹಾಗೆ ನೋಟ್ಸಿನೊಳಗೆ ನುಗ್ಗಿದ್ರೆ ತಲೆಬಿಸಿ. ಎಡಪುಟದಲ್ಲಿ ಕಂಡದ್ದು ಕೇಳಿದ್ದು ಮಾತ್ರ ಬರೀರಿ, ಬಲಪುಟಕ್ಕೆ ನಿಮ್ಮ ಸಿಟ್ಟು ಬೇಜಾರು. "ಏಜೆಂಟ್ ಮೋಸ ಮಾಡಿದ" ಅಂತ ಬೇಡ, ಹರಾಜಲ್ಲಿ ಬಂಗುಡೆ ಬುಟ್ಟಿಗೆ ಅವ ಎಷ್ಟು ಕೂಗಿದ, ಅಕ್ಕ ಎಷ್ಟಕ್ಕೆ ಕೇಳಿದ್ರು, ಕಡೆಗೆ ಎಷ್ಟಕ್ಕೆ ಹೋಯ್ತು ಅಂತ ಬರೀರಿ, ಅದೂ ಅದೇ ದಿನ ಮಲಗುವ ಮೊದಲು. ಮಾನವಶಾಸ್ತ್ರದಲ್ಲಿ ದೊಡ್ಡ ಹೆಸರಾದ ಮಾಲಿನೋವ್‌ಸ್ಕಿಯಂಥವನೇ ತಾನು ಫೀಲ್ಡ್‌ವರ್ಕ್ ಮಾಡಿದ ಟ್ರೋಬ್ರಿಯಾಂಡ್ ದ್ವೀಪಗಳ (ಈಗಿನ ಪಪುವಾ ನ್ಯೂಗಿನಿ) ಜನರ ಮೇಲಿನ ಸಿಡುಕನ್ನೆಲ್ಲ ಡೈರಿಗೆ ಹಾಕಿಟ್ಟಿದ್ದ, ಅವ ತೀರಿಹೋದ ಮೇಲೆ 1967ರಲ್ಲಿ ಅದು ಅಚ್ಚಾಗಿ ದೊಡ್ಡ ಗಲಾಟೆಯೇ ಆಯ್ತು. ಮತ್ತೆ ಬೋಟಿನವರ, ಏಜೆಂಟರ ಹತ್ರವೂ ಹೋಗಿ ಕೂತ್ಕೊಳ್ಳಿ, ಆದ್ರೆ ಹೆಂಗಸರಿಗೆ ಮೊದಲೇ ಹೇಳಿ ಹೋಗಿ, ಇಲ್ಲಾಂದ್ರೆ ಮರುದಿನ ನಿಮ್ಮತ್ರ ಯಾರೂ ಬಾಯಿ ಬಿಡುದಿಲ್ಲ.