ದಿನಕ್ಕೊಂದು ಮೀನು, ಒಂದು ಚೂರು ಬ್ರೆಡ್ಡು

ಪ್ರಶ್ನೆ: ಮಗಳು ಬಿಎ ಇಂಗ್ಲಿಷ್ ಓದ್ತಿದಾಳೆ. ಮೊನ್ನೆ ಕಾಲೇಜಿಂದ ಬಂದೋಳೇ, ಅಮ್ಮಾ ಕವಿ ಕೀಟ್ಸ್‌ನ ಸಾಯಿಸಿದ್ದು ಟೀಬಿ ಅಲ್ವಂತೆ, ಡಾಕ್ಟ್ರು ಊಟ ಕೊಡದೇ ಸಾಯಿಸಿದ್ರಂತೆ ಅಂದ್ಲು. ಕೆಮ್ಮಿ ಕೆಮ್ಮಿ ಸೊರಗಿದ ಹುಡುಗನಿಗೆ ಯಾವ ಡಾಕ್ಟ್ರು ತಾನೇ ಊಟ ಬಿಡು ಅಂತಾರೆ? ನಿಜಾನಾ ಇದು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಅರ್ಧ ನಿಜ ಕಣ್ರೀ. ಊಟ ಕಟ್ ಮಾಡಿದ್ದು ನಿಜ, ಸಾಯಿಸಿದ್ದು ಮಾತ್ರ ಟೀಬಿನೇ.

ಮೊದಲು ಒಂದು ವಿಷಯ, ಕೀಟ್ಸ್ ಬರೀ ಕವಿ ಅಲ್ಲ, ಲಂಡನ್ನಿನ ಗೈಸ್ ಆಸ್ಪತ್ರೇಲಿ ಕಲಿತು 1816ರಲ್ಲಿ ಔಷಧಿ ಕೊಡೋ ಲೈಸೆನ್ಸ್ ತಗೊಂಡಿದ್ದೋನು. ತಮ್ಮ ಟಾಮ್ ಇದೇ ಕ್ಷಯದಲ್ಲಿ 1818ರ ಡಿಸೆಂಬರ್‌ನಲ್ಲಿ ಹೋದಾಗ ಪಕ್ಕದಲ್ಲಿ ಕೂತು ಆರೈಕೆ ಮಾಡಿದ್ದೂ ಇವನೇ. 1820ರ ಫೆಬ್ರವರಿ 3ರ ರಾತ್ರಿ ಚಳೀಲಿ ಕುದುರೆ ಗಾಡಿಯ ಹೊರಗಡೆ ಸೀಟಲ್ಲಿ ಕೂತು ಮನೆಗೆ ಬಂದ, ಹಾಸಿಗೆ ಏರೋವಾಗ ಒಂದು ಸಲ ಕೆಮ್ಮಿದ, ಬೆಡ್‌ಶೀಟ್ ಮೇಲೆ ಒಂದು ಹನಿ ಬಿತ್ತು. ಗೆಳೆಯ ಬ್ರೌನ್‌ಗೆ ಮೇಣದಬತ್ತಿ ತಾ, ಈ ರಕ್ತ ನೋಡ್ಬೇಕು ಅಂದ. ನೋಡಿ, ಈ ಬಣ್ಣ ನಂಗೊತ್ತು, ಇದು ನನ್ನ ಸಾವಿನ ವಾರಂಟು ಅಂದ. ಅವನಿಗೆ ಅವತ್ತೇ ಗೊತ್ತಾಗೋಯ್ತು, ಡಾಕ್ಟರುಗಳಿಗೆ ಗೊತ್ತಾಗೋಕೆ ಇನ್ನೂ ತಿಂಗಳುಗಳೇ ಹಿಡಿದ್ವು! ಅವತ್ತೇ ರಾತ್ರಿ ಬಂದ ಡಾಕ್ಟ್ರು ಮಾಡಿದ್ದೇನು ಅಂದ್ರೆ, ರಕ್ತ ಕಾರಿದೋನ ಕೈಯಿಂದ ಇನ್ನಷ್ಟು ರಕ್ತ ತೆಗೆದದ್ದು.

ಇಂಗ್ಲೆಂಡಿನ ಚಳಿ ಆಗಲ್ಲ ಇಟಲಿಗೆ ಹೋಗು ಅಂದ್ರು, ಗೆಳೆಯ ಸೆವರ್ನ್ ಜೊತೆ ಹಡಗು ಹತ್ತಿದ, ನೇಪಲ್ಸ್‌ನಲ್ಲಿ ಹತ್ತು ದಿನ ಕ್ವಾರಂಟೈನ್ ಅಂತ ಹಡಗಲ್ಲೇ ಕೂರಿಸಿ ಅವನ 25ನೇ ಹುಟ್ಟುಹಬ್ಬದ ದಿನ ಕೆಳಗಿಳಿಸಿದ್ರು, ನವೆಂಬರ್ ಮಧ್ಯಕ್ಕೆ ರೋಮ್ ತಲುಪಿದ. ಅಲ್ಲಿ ಸಿಕ್ಕಿದ್ದೇ ಡಾಕ್ಟರ್ ಜೇಮ್ಸ್ ಕ್ಲಾರ್ಕ್, ಸ್ಕಾಟ್ಲೆಂಡಿನೋನು, ಮುಂಚೆ ನೌಕಾಪಡೇಲಿ ಸರ್ಜನ್. ಈತ ಪರೀಕ್ಷೆ ಮಾಡಿ ಬರೆದದ್ದು ಏನು ಗೊತ್ತಾ, ಕಾಯಿಲೆ ಮುಖ್ಯವಾಗಿ ಹೊಟ್ಟೇಲಿದೆ, ಹಾರ್ಟಲ್ಲೂ ಇರಬಹುದು, ಶ್ವಾಸಕೋಶದಲ್ಲೂ ಇರಬಹುದು ಅಂತ! ಶ್ವಾಸಕೋಶ ಲಿಸ್ಟಲ್ಲಿ ಕೊನೇಗೆ. ಕುದುರೆ ಸವಾರಿ ಮಾಡು, ಗಾಳಿ ಬೆಳಕಲ್ಲಿ ಓಡಾಡು ಅಂದ.

ಊಟ ಶುರುವಿನಲ್ಲಿ ಹೋಟೆಲಿಂದ ಬರ್ತಿತ್ತು, ಬಾಯಿಗಿಡೋ ಹಾಗಿರ್ಲಿಲ್ಲ. ಒಂದಿನ ಕೀಟ್ಸ್ ಒಂದೊಂದೇ ತಟ್ಟೆ ಎತ್ತಿ ಕಿಟಕಿಯಿಂದ ಆಚೆ ಸುರಿದುಬಿಟ್ಟ, ಅರ್ಧ ಗಂಟೇಲಿ ಬಿಸಿಬಿಸಿ ಒಳ್ಳೇ ಊಟ ಬಂತು, ಆಮೇಲೆ ದಿನಾ ಹಾಗೇ ಬರ್ತಿತ್ತು. ಆದ್ರೆ ಆ ಊಟ ತಿನ್ನೋ ಯೋಗ ಜಾಸ್ತಿ ದಿನ ಇರ್ಲಿಲ್ಲ.

ಡಿಸೆಂಬರ್ 10, ಹತ್ರ ಹತ್ರ ಎರಡು ಕಪ್ ರಕ್ತ ಕಾರಿದ. ಕ್ಲಾರ್ಕ್ ಓಡಿ ಬಂದು ಕೈಯಿಂದ ಇನ್ನೂ 8 ಔನ್ಸ್ ತೆಗೆದ, ಅಂದ್ರೆ ಒಂದು ದೊಡ್ಡ ಲೋಟ. ಈಗ ರಕ್ತದಾನದಲ್ಲಿ 350 ಎಂಎಲ್ ತಗೋತಾರೆ, ಅದೂ ಗಟ್ಟಿಮುಟ್ಟಾದೋರ ಹತ್ರ, ಹೊಟ್ಟೆ ತುಂಬ ತಿಂದು ಬನ್ನಿ ಅಂತ ಹೇಳಿ, ಮೇಲೆ ಬಿಸ್ಕೆಟ್ ಜ್ಯೂಸ್ ಕೊಟ್ಟು ಕಳಿಸ್ತಾರೆ. ಇವನಿಗೆ ಕೊಟ್ಟಿದ್ದು ದಿನಕ್ಕೊಂದು ಆಂಚೊವಿ ಮತ್ತೆ ಒಂದು ಚೂರು ಬ್ರೆಡ್ಡು. ಆಂಚೊವಿ ಅಂದ್ರೆ ಮಂಗಳೂರು ಕಡೆ ಕೊಲ್ಲತರು ಅಂತಾರಲ್ಲ ಆ ಜಾತಿ ಮೀನು, ಬೆರಳುದ್ದ. ಹಸಿವಲ್ಲೇ ಸಾಯ್ತೀನಿ ಊಟ ಕೊಡಿ ಅಂತ ಬೇಡ್ಕೊಂಡ. ನೋವು ತಡೀಲಾರದೆ ಅಫೀಮಿನ ಬಾಟ್ಲಿ ಕೊಡು ಮುಗಿಸ್ಕೋತೀನಿ ಅಂದ, ಸೆವರ್ನ್ ಬಾಟ್ಲಿ ತಗೊಂಡೋಗಿ ಡಾಕ್ಟರ್ ಕೈಗೆ ಕೊಟ್ಟುಬಿಟ್ಟ.

ಹಂಗಂತ ಕ್ಲಾರ್ಕ್ ರಾಕ್ಷಸ ಅಲ್ಲ, ನಂಗೆ ಬೇಜಾರಾಗೋದೇ ಅಲ್ಲಿ. ದಿನಕ್ಕೆ ನಾಲ್ಕೈದು ಸಲ ಬಂದು ನೋಡ್ತಿದ್ದ, ಹೆಂಡತಿ ಕೈಲಿ ಪಥ್ಯದ ಅಡುಗೆ ಮಾಡಿಸ್ತಿದ್ದ, ಒಂದಿನ ಯಾವುದೋ ಒಂದು ಮೀನಿಗಾಗಿ ರೋಮ್ ಪೂರ್ತಿ ಸುತ್ತಿದ್ದ. ತಪ್ಪು ಇದ್ದಿದ್ದು ಲೆಕ್ಕಾಚಾರದಲ್ಲಿ. ಊಟದಿಂದ ರಕ್ತ ಆಗತ್ತೆ, ರಕ್ತ ಜಾಸ್ತಿಯಾಗಿ ಉರಿಯೂತ ಆಗತ್ತೆ, ಒತ್ತಡಕ್ಕೆ ನಾಳ ಒಡೆಯತ್ತೆ, ಹಾಗಾಗಿ ರಕ್ತ ತೆಗಿ ಊಟ ನಿಲ್ಲಿಸು ಅನ್ನೋದು ಆ ಕಾಲದ ಪಾಠ. ಕೆರೆ ಕೋಡಿ ಬಿದ್ದಾಗ ತೂಬು ತೆಗೀತಾರಲ್ಲ ಹಾಗೆ. ಒಣಗಿದ ಕೆರೆಗೂ ಅದೇ ಮಾಡಿದ್ರು ಅಷ್ಟೇ. 1821ರ ಫೆಬ್ರವರಿ 23ಕ್ಕೆ ಕೀಟ್ಸ್ ಹೋದ. ಕೊಯ್ದು ನೋಡಿದ್ರೆ ಶ್ವಾಸಕೋಶ ಪೂರ್ತಿ ಹಾಳಾಗಿತ್ತು, ಕೊನೇ ಎರಡು ತಿಂಗಳು ಹೆಂಗೆ ಬದುಕಿದ್ದ ಅಂತ ಡಾಕ್ಟರುಗಳೇ ಬೆರಗಾದ್ರು. ಅಂದ್ರೆ ಹೊಟ್ಟೆ ತುಂಬ ಊಟ ಕೊಟ್ಟಿದ್ರೂ ಉಳೀತಿರ್ಲಿಲ್ಲ, ಆದ್ರೆ ಹಸ್ಕೊಂಡು ಸಾಯೋದಂತೂ ತಪ್ತಿತ್ತು.

ಕ್ಲಾರ್ಕ್ ಆಮೇಲೆ ವಿಕ್ಟೋರಿಯಾ ರಾಣಿಯ ಡಾಕ್ಟರಾದ. 1839ರಲ್ಲಿ ಅರಮನೆಯ ಹೆಂಗಸೊಬ್ಬಳ ಹೊಟ್ಟೆ ಊದಿದ್ದನ್ನ ಬಸಿರು ಅಂತ ಅನುಮಾನಪಟ್ಟು ದೊಡ್ಡ ರಾದ್ಧಾಂತ ಆಯ್ತು, ಅವಳು ಸತ್ತ ಮೇಲೆ ನೋಡಿದ್ರೆ ಲಿವರ್ ಗಡ್ಡೆ. ಹೊಟ್ಟೆ ವಿಷಯದಲ್ಲಿ ಈ ಮನುಷ್ಯನಿಗೆ ಅದೃಷ್ಟನೇ ಇರ್ಲಿಲ್ಲ.

ಪ್ರಶ್ನೆ: ಕೀಟ್ಸ್ ಸತ್ತ ರೂಮಿನ ಸಾಮಾನೆಲ್ಲ ಸುಟ್ಟುಹಾಕಿದ್ರಂತೆ, ಮೂಢನಂಬಿಕೆ ಅಲ್ವಾ?
– ಇನ್ನೊಬ್ಬರು, ಹಾಸನ

ಉತ್ತರ: ಸುಟ್ರು, ಗೋಡೆನೂ ಕೆರೆದ್ರು, ರೋಮ್‌ನಲ್ಲಿ ಕಾನೂನೇ ಹಾಗಿತ್ತು. ಕ್ಷಯ ಅಂಟುರೋಗ ಅಂತ ಇಟಲಿಯೋರು ನಂಬಿದ್ರು, ವಂಶದಿಂದ ಬರತ್ತೆ ಅಂತಿದ್ದ ಇಂಗ್ಲಿಷ್ ಡಾಕ್ಟರುಗಳು ಅದನ್ನ ನೋಡಿ ನಗ್ತಿದ್ರು. 1882ರಲ್ಲಿ ರಾಬರ್ಟ್ ಕಾಖ್ ರೋಗಾಣು ತೋರಿಸಿದ ಮೇಲೆ ನಗು ನಿಂತಿತು.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಟೀಬಿ, ಮಾತ್ರೆ ನಡೀತಿದೆ. ಅತ್ತೆ ಲಂಘನಂ ಪರಮೌಷಧಂ ಅಂತ ಹೇಳಿ ಹಾಲು, ಮೊಟ್ಟೆ, ಬಾಳೆಹಣ್ಣು ಎಲ್ಲಾ ಕಫ ಅಂತ ಬಿಡಿಸಿ ಬರೀ ಗಂಜಿ ಕೊಡ್ತಿದಾರೆ. ಏನ್ಮಾಡ್ಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮಾ, ಮೇಲಿನ ಕಥೆ ಅತ್ತೆಗೆ ಓದಿ ಹೇಳಿ. ಲಂಘನ ಅಜೀರ್ಣಕ್ಕೆ ಸರಿ, ಕ್ಷಯಕ್ಕಲ್ಲ. ಅವ್ರು ನಂಬೋ ಆಯುರ್ವೇದದಲ್ಲೇ ರಾಜಯಕ್ಷ್ಮಕ್ಕೆ, ಅಂದ್ರೆ ಇದೇ ಕ್ಷಯಕ್ಕೆ, ಆಡಿನ ಹಾಲು, ಮಾಂಸದ ರಸ ಕೊಡಿ ಅಂತಿದೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತೆ ಅವರ ಜೊತೆಯೋರು ಜಾರ್ಖಂಡ್‌ನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟ ಆಯ್ತು, ರೋಗಿಗಳಿಗೆ ತಿಂಗಳಿಗೆ 10 ಕೆಜಿ ರೇಷನ್ನು, ಅಕ್ಕಿ ಬೇಳೆ ಹಾಲಿನಪುಡಿ ಎಣ್ಣೆ. ಶುರುವಲ್ಲೇ ತೂಕ ಹೆಚ್ಚಿದೋರಲ್ಲಿ ಸಾವು ಕಮ್ಮಿ, ಮನೆಯೋರಿಗೂ ರೇಷನ್ ಕೊಟ್ಟ ಕಡೆ ಅವರಿಗೆ ಹೊಸದಾಗಿ ಟೀಬಿ ಬರೋದು ಸುಮಾರು ಶೇ. 39ರಷ್ಟು ಕಮ್ಮಿಯಾಯ್ತು. ಸರ್ಕಾರ ನಿಕ್ಷಯ್ ಪೋಷಣ್ ಯೋಜನೇಲಿ ಊಟಕ್ಕೆ ಅಂತಾನೇ ತಿಂಗಳಿಗೆ 1000 ರೂಪಾಯಿ ಅಕೌಂಟಿಗೆ ಹಾಕತ್ತೆ, ಮೊದಲು 500 ಇತ್ತು, ನಿಮಗೆ ಬರ್ತಿದ್ಯಾ ಆಶಾ ಕಾರ್ಯಕರ್ತೆ ಹತ್ರ ಕೇಳಿ. ಮೊಟ್ಟೆಗೆ ಅತ್ತೆ ಒಪ್ಪದಿದ್ರೆ ಜಗಳ ಬೇಡ, ಗಂಜಿಗೇ ಹೆಸರುಬೇಳೆ ಹಾಕಿ ಮೇಲೊಂದು ಚಮಚ ತುಪ್ಪ ಬಿಟ್ಟು ಶೇಂಗಾ ಚಟ್ನಿ ಜೊತೆ ಕೊಡಿ, ಮಾತ್ರೆ ಒಂದಿನಾನೂ ತಪ್ಪಿಸ್ಬೇಡಿ, ತಿಂಗಳಿಗೊಂದ್ಸಲ ತೂಕ ನೋಡಿ ಬರೆದಿಡಿ.