"ನನ್ನನ್ನ ಯಾಕೆ ಆರಿಸಿದ್ರು ಗೊತ್ತಾ ಮೇಡಂ?"

ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಯಾರಿ ಶುರುವಾಯಿತು ಅಂದರೆ ಹೀಗೆ ಕೇಳುವ, ಊಟ ಬಿಟ್ಟ ಒಬ್ಬ ಹುಡುಗಿಯಾದರೂ ಸಮಾಲೋಚನೆಗೆ ನನ್ನ ಹತ್ತಿರ ಬರುತ್ತಾಳೆ. ಈ ವರ್ಷ ಮೂವರು ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ತೀರ್ಥಹಳ್ಳಿ ಕಡೆಯ ಹುಡುಗಿ, ಒಂಬತ್ತನೇ ಕ್ಲಾಸು. ಬೆಳಗ್ಗೆ ತಿಂಡಿ ಬೇಡ ಅಂತಾಳೆ, ಶಾಲೆಯಲ್ಲಿ ಬಿಸಿಯೂಟ ಮುಟ್ಟಲ್ಲ, ರಾತ್ರಿ ಎರಡು ತುತ್ತು ತಿಂದು ಏಳ್ತಾಳೆ ಅಂತ ಅಮ್ಮ ಕರೆದುಕೊಂಡು ಬಂದಿದ್ದರು. ಗುಂಡು ಎಸೆತಕ್ಕೆ ಹೆಸರು ಕೊಟ್ಟ ಮೇಲೆ ಹೀಗಾಯಿತಂತೆ.

ಮೊದಲ ಎರಡು ಸಲ ಅವಳು ಬಾಯಿ ಬಿಡಲಿಲ್ಲ. ಮೂರನೇ ಸಲ ಜೋರು ಮಳೆ, ಹೆಂಚಿನ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಆಟ ಇಷ್ಟ ಇಲ್ವಾ ಅಂತ ಕೇಳಿದೆ. "ಇಷ್ಟ ಮೇಡಂ. ಗುಂಡು ದೂರ ಹೋಗಿ ದೊಪ್ ಅಂತ ಬೀಳುತ್ತಲ್ಲ, ಅದು ತುಂಬಾ ಇಷ್ಟ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ನನ್ನನ್ನ ಯಾಕೆ ಆರಿಸಿದ್ರು ಗೊತ್ತಾ? ಓಡೋಕೆ ಸೇರಿಸಿಕೊಂಡೋರಿಗೆ ಚೆನ್ನಾಗಿ ಓಡ್ತೀಯ ಅಂದ್ರು. ನನಗೆ, ನೀನು ದಪ್ಪ ಇದ್ದೀಯ, ಗುಂಡು ಹಿಡಿ ಅಂದ್ರು. ಎಲ್ಲರೂ ನಕ್ಕರು."

ಆ ಮಾತು ಕೇಳಿ ನನಗೆ ಸಂಕಟವಾಯಿತು. ನೀರಜ್ ಚೋಪ್ರಾ ಕೂಡ ಚಿಕ್ಕಂದಿನಲ್ಲಿ ದಪ್ಪ ಇದ್ದರು ಅಂತ ಸಮಾಧಾನ ಹೇಳಬಹುದಿತ್ತು. ತುಂಬಾ ಜನ ಹಾಗೇ ಹೇಳುತ್ತಾರೆ. ನಾನು ಹೇಳಲಿಲ್ಲ. ಆ ಕಥೆಯೂ ದಪ್ಪ ಅನ್ನೋ ಮಾತಿನಿಂದಲೇ ಶುರುವಾಗುತ್ತದೆ. ಅವಳಿಗೆ ಬೇಕಿದ್ದದ್ದು ಬೇರೆ ಕಾರಣ.

ಅವಳನ್ನು ಕೇಳಿಕೊಂಡೇ ಪಿ.ಟಿ. ಮೇಷ್ಟ್ರನ್ನು ಭೇಟಿಯಾದೆ. ಅವರು ಕೆಟ್ಟವರಲ್ಲ, ನೋಯಿಸಬೇಕು ಅಂತ ಅಂದವರೂ ಅಲ್ಲ. "ಅವಳಲ್ಲಿ ನಿಜವಾಗಿ ಏನು ಕಂಡಿರಿ ಸರ್?" ಅಂತ ಕೇಳಿದೆ. ಯೋಚನೆ ಮಾಡಿ ಹೇಳಿದರು: ಉಳಿದವರು ಬರೀ ತೋಳಿನಲ್ಲಿ ಎಸೀತಾರೆ, ಇವಳು ಯಾರೂ ಹೇಳಿಕೊಡದೇ ಕಾಲು ಒತ್ತಿ, ಸೊಂಟ ತಿರುಗಿಸಿ ತಳ್ತಾಳೆ. ಈ ಮಾತನ್ನೇ ಅವಳಿಗೆ ಹೇಳಿ, ಎಲ್ಲರ ಎದುರಿಗೇ ಹೇಳಿ ಅಂದೆ. ಹೇಳಿದರು.

ಆಟ ಬಿಡಿಸಿಬಿಡಿ ಅಂತ ನನ್ನ ಜೊತೆ ಕೆಲಸ ಮಾಡುವ ಒಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬಿಡಿಸಿದ್ದರೆ ಅವಳ ಪಾಲಿಗೆ ಆ ನಗುವೇ ನಿಜವಾಗಿ ಉಳಿಯುತ್ತಿತ್ತು. ಗುಂಡು ಎಸೆತದಲ್ಲಿ ಕಲಿಯೋದು ಎಷ್ಟೊಂದಿದೆ! ಗುಂಡು ಅಂಗೈಯಲ್ಲಿ ಕೂರಬಾರದು, ಬೆರಳ ಬುಡದಲ್ಲಿರಬೇಕು, ಕುತ್ತಿಗೆಗೆ ತಾಗಿರಬೇಕು. ಶಕ್ತಿ ಪಾದದಿಂದ ಹತ್ತಿ ಸೊಂಟ ದಾಟಿ ಕೊನೆಗೆ ಬೆರಳಿಗೆ ಬರಬೇಕು. ಇದೆಲ್ಲ 2.135 ಮೀಟರ್ ಅಗಲದ ವೃತ್ತದ ಒಳಗೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 17.36 ಮೀಟರ್ ಎಸೆದು ಕಂಚು ಗೆದ್ದ ಕಿರಣ್ ಬಾಲಿಯಾನ್ ಅವರ ವಿಡಿಯೋ ಹಾಕಿ, ಪಾದ ಮಾತ್ರ ನೋಡು ಅಂದೆ. ಮೂರು ಸಲ ನೋಡಿದಳು.

ಊಟದ ವಿಷಯಕ್ಕೆ ಬರೀ ಮಾತು ಸಾಲದು. ಎರಡು ತಿಂಗಳು ಮುಟ್ಟು ಆಗಿರಲಿಲ್ಲ, ಅದನ್ನು ಅಮ್ಮನಿಗೂ ಹೇಳಿರಲಿಲ್ಲ. ಡಾಕ್ಟರ ಹತ್ತಿರ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದೆವು. ಬೆಳೆಯುವ ಹುಡುಗಿ ಹೊಟ್ಟೆ ಕಟ್ಟಿಕೊಂಡು 3 ಕೆಜಿ ಗುಂಡು ಎತ್ತಬಾರದು. ಊಟ ನೆಟ್ಟಗಾಗಿ, ಡಾಕ್ಟರು ಸರಿ ಅನ್ನುವವರೆಗೆ ಗುಂಡಿಲ್ಲದೇ ಹೆಜ್ಜೆ ಮಾತ್ರ ಅಭ್ಯಾಸ ಮಾಡು ಅಂದೆ. ಮನೆಯಲ್ಲಿ ಯಾರೂ ಅವಳ ಮೈಯ ಮಾತು ಎತ್ತಬಾರದು, ಹೊಗಳಿಕೆಗೂ ಎತ್ತಬಾರದು ಅಂತ ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದೆ. ಅಜ್ಜಿಗೆ ಇದನ್ನು ಒಪ್ಪಿಸೋದೇ ಕಷ್ಟವಾಯಿತಂತೆ.

ಅಡಿಕೆ ಒಣಹಾಕುವ ಅಂಗಳದಲ್ಲಿ ಅಪ್ಪ ಸುಣ್ಣದಲ್ಲಿ ವೃತ್ತ ಬರೆದುಕೊಟ್ಟರು. ಮಳೆಗೆ ಅಳಿಸಿದಾಗೆಲ್ಲ ಮತ್ತೆ ಬರೆದರು.

ಕೊನೇ ಸಲ ಬಂದಾಗ ಅವಳಿಗೆ ಬೇಜಾರಾಗಿತ್ತು. ತಾಲ್ಲೂಕು ಮಟ್ಟದಲ್ಲಿ ಅವಳ ಒಳ್ಳೆಯ ಎಸೆತವೇ ಫೌಲ್ ಆಗಿತ್ತು. ವೃತ್ತದ ಹಿಂದಿನ ಅರ್ಧದಿಂದ ಹೊರಗೆ ಬರಬೇಕು ಅನ್ನೋದು ಖುಷಿಯಲ್ಲಿ ಮರೆತು, ಮುಂದಿನಿಂದಲೇ ಓಡಿಬಿಟ್ಟಿದ್ದಳು. ಅರ್ಧ ಗಂಟೆ ಅದೊಂದನ್ನೇ ಹೇಳಿದಳು. ನಾನು ಕೇಳುತ್ತಾ ಕೂತೆ.