ಬೇಸ್ ಗಿಟಾರ್ ತೆಗೆದರೆ ಯಾರಿಗೆ ಗೊತ್ತಾಗುತ್ತೆ?

ಪ್ರಶ್ನೆ: ಗಣಪತಿ ಹಬ್ಬ, ಮದುವೆ ರಿಸೆಪ್ಷನ್‌ಗಳಿಗೆ ನುಡಿಸುವ ಆರ್ಕೆಸ್ಟ್ರಾ ನಮ್ಮದು. ಕೆಳಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ನನ್ನದು. ಈ ವರ್ಷದಿಂದ ಬೇಸ್ ಬೇಡ, ಕೀಬೋರ್ಡಿನವನೇ ಎಡಗೈಯಲ್ಲಿ ನುಡಿಸಿಕೊಳ್ಳಲಿ, ಒಬ್ಬರ ಪಗಾರ ಉಳಿಯುತ್ತದೆ ಅಂತ ಯಜಮಾನರು ಹೇಳುತ್ತಿದ್ದಾರೆ. ‘ಬೇಸ್ ತೆಗೆದರೆ ಯಾರಿಗೆ ಗೊತ್ತಾಗುತ್ತೆ?’ ಅನ್ನುವುದು ಅವರ ಮಾತು. ಬೇಸ್ ಕಲಿಯುವವರು ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಕೇಳಬೇಕು ಅಂತ ನೀವು ಹಿಂದೆ ಬರೆದಿದ್ದಿರಿ. ಕೇಳಿದೆ, ಹಾಡುಗಳು ಚೆನ್ನಾಗಿವೆ. ಆದರೆ ಬೇಸಿನದು ಅಂಥ ದೊಡ್ಡ ಕೆಲಸ ಏನಿದೆ ಅದರಲ್ಲಿ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಯಜಮಾನರ ಜೊತೆ ವಾದಕ್ಕೆ ಇಳಿಯಬೇಡಿ. ಒಂದು ಹಾರ್ಮೋನಿಯಂ ತಂದು ಅವರ ಎದುರು ಕೂತುಕೊಳ್ಳಿ. ಸಾ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ, ಎಲ್ಲ ಶುದ್ಧ ಸ್ವರ. ನಿಮ್ಮ ಎಡಗೈ ಗಾಳಿ ಹಾಕುವುದರಲ್ಲಿ ಇರುತ್ತದೆ. ಹಾಗಾಗಿ ಕೆಳಗಿನ ಮನೆ ಒತ್ತಲು ಯಜಮಾನರನ್ನೇ ಕರೆಯಿರಿ. ಮೊದಲು ಅವರು ಮಂದ್ರದ ಸಾ ಒತ್ತಲಿ. ಆರಾಮ ಅನ್ನಿಸುತ್ತದೆ, ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ. ಈಗ ಆ ಬೆರಳು ಎತ್ತಿ ಮಂದ್ರದ ಧ ಒತ್ತಲಿ. ನಿಮ್ಮ ಬಲಗೈ ಅಲ್ಲಾಡಿಲ್ಲ, ಅದೇ ಸಾ-ಗ-ಪ. ಆದರೆ ಇದ್ದಕ್ಕಿದ್ದ ಹಾಗೆ ಯಾರೋ ಏನೋ ಕೆಟ್ಟ ಸುದ್ದಿ ಹೇಳಲು ಬಂದು ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಮೇಲಿನ ಮೂರು ಸ್ವರದ ಅರ್ಥವನ್ನೇ ಕೆಳಗಿನ ಒಂದು ಸ್ವರ ಬದಲಾಯಿಸಿಬಿಟ್ಟಿತು.

ಈಗ ಹಾಡು ಹಾಕಿ. ಆಲ್ಬಂನ ಮೊದಲ ಹಾಡು, ಅದರ ಹೆಸರೂ ‘ವಾಟ್ಸ್ ಗೋಯಿಂಗ್ ಆನ್’. ಬಿಳಿ ಮೂರನ್ನು, ಅಂದರೆ ಮೂರನೇ ಬಿಳಿ ಮನೆಯನ್ನು, ಸಾ ಮಾಡಿಕೊಂಡರೆ ನಿಮ್ಮ ಹಾರ್ಮೋನಿಯಂಗೆ ಶ್ರುತಿ ಹೊಂದುತ್ತದೆ. ಅಮ್ಮಾ ಅಂತ ಕರೆಯುವ ಸಾಲಿಗೆ ಕೆಳಗೆ ಸಾ ಇದೆ. ಎಷ್ಟೊಂದು ತಾಯಂದಿರು ಅಳುತ್ತಿದ್ದೀರಿ ಅನ್ನುವಾಗ ಕೆಳಗೆ ಧ ಬರುತ್ತದೆ. ಯಜಮಾನರು ಒತ್ತಿದ ಎರಡು ಸ್ವರವೇ.

ಧಾರವಾಡದ ಕಡೆ ಕಿವಿ ಬೆಳೆಸಿಕೊಂಡ ನಮಗೆ ಇದು ಬೇಗ ಹೊಳೆಯುವುದಿಲ್ಲ, ಅದಕ್ಕೆ ಕಾರಣ ಇದೆ. ನಮ್ಮಲ್ಲಿ ತಂಬೂರಿ ಶುರುವಾಯಿತೆಂದರೆ ಸಾ ಅಲ್ಲೇ ಕೂತಿತು. ಮಲ್ಲಿಕಾರ್ಜುನ ಮನ್ಸೂರರು ರಾಗದ ಮೂಲೆ ಮೂಲೆ ಸುತ್ತಿ ಬಂದರೂ ಖರ್ಜದ (ಮಂದ್ರ ಸಾ ದ) ತಂತಿ ಅದೇ ಸ್ವರ ಹೇಳುತ್ತಿರುತ್ತದೆ. ಗಾಯಕ ಓಡಾಡುತ್ತಾನೆ, ನೆಲ ಗಟ್ಟಿಯಾಗಿರುತ್ತದೆ. ಪಾಪ್ ಹಾಡಿನಲ್ಲಿ ಇದು ತಿರುಗುಮುರುಗು. ಗಾಯಕ ಒಂದೇ ಸ್ವರ ಹಿಡಿದು ನಿಂತಿರಬಹುದು, ಕಾಲ ಕೆಳಗಿನ ನೆಲ ಸರಿಯುತ್ತದೆ. ಸರಿಸುವುದು ಬೇಸಿನವರ ಕೆಲಸ.

ಸಾ ದಿಂದ ಧ ಗೆ ಹೋಗುವುದನ್ನು ಕೀಬೋರ್ಡಿನವನ ಎಡಗೈಯೂ ಮಾಡುತ್ತದೆ, ಅದರಲ್ಲಿ ಸುಳ್ಳಿಲ್ಲ. ವ್ಯತ್ಯಾಸ ಇರುವುದು ದಾರಿಯಲ್ಲಿ. ಈ ಹಾಡಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಹುಟ್ಟಿದ್ದು 1936ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದ ಕಡೆ. ಬೆಳೆಯುವ ವಯಸ್ಸಿನಲ್ಲಿ ತಾಯಿಯ ಜೊತೆ ಡೆಟ್ರಾಯಿಟ್‌ಗೆ ಬಂದರು. ಅಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ನೂರಾರು ಹಾಡಿಗೆ ನುಡಿಸಿದರು. ಮೊದಲು ಕಲಿತದ್ದು ಜಾಜ್‌ನವರ ಆಳೆತ್ತರದ ಮರದ ಬೇಸ್. ಆ ರೂಢಿ ಕೊನೆಯವರೆಗೂ ಕೈಯಲ್ಲಿ ಉಳಿಯಿತು.

ಅವರು ಏನು ಮಾಡುತ್ತಾರೆ ಅಂದರೆ, ಮೊದಲ ಮಾತ್ರೆಗೆ ಸಾ ಊರುತ್ತಾರೆ. ಅದು ಗಟ್ಟಿ. ಆಮೇಲೆ ಕೈ ಸುಮ್ನೆ ಕೂರುವುದಿಲ್ಲ. ಮಾತ್ರೆ ಮಾತ್ರೆಗಳ ನಡುವಿನ ಸಂದಿಯಲ್ಲಿ ಸಣ್ಣ ಸಣ್ಣ ಸ್ವರ ತೂರಿಸುತ್ತಾರೆ, ಕೆಲವು ಅರ್ಧ ಮನೆ ಕೆಳಗಿನಿಂದ ಜಾರಿ ಬರುತ್ತವೆ, ಕೆಲವು ಬಿಡಿ ತಂತಿಯ ಮೇಲೆ ತಟ್ಟಿ ಹೋಗುತ್ತವೆ. ಈಗ ತಾಳ ತಪ್ಪಿತು ಅಂತ ನಿಮಗೆ ಅನ್ನಿಸುವ ಹೊತ್ತಿಗೆ ಸರಿಯಾಗಿ ಧ ಮೇಲೆ ಬಂದು ಇಳಿದಿರುತ್ತಾರೆ. ಠೇಕಾ (ತಾಳದ ಮೂಲ ನಡೆ) ಬಿಡದೆ ನಡುವೆ ತುಂಬುವ ಒಳ್ಳೆ ತಬಲಾದವರನ್ನು ಕೇಳಿದ್ದೀರಲ್ಲ, ಅದೇ ಬುದ್ಧಿ. ಇನ್ನೊಂದು ವಿಷಯ: ಮಾರ್ವಿನ್ ಗೇ ಒಂದು ಸಾಲು ಹೇಳಿ ಉಸಿರು ತೆಗೆದುಕೊಳ್ಳುವಲ್ಲಿ ಬೇಸ್ ಜಾಸ್ತಿ ಮಾತಾಡುತ್ತದೆ, ಹಾಡುವಾಗ ತಗ್ಗುತ್ತದೆ. ಎಡಗೈಯನ್ನು ಕಾರ್ಡ್‌ಗೆ (ಒಟ್ಟಿಗೆ ಒತ್ತುವ ಸ್ವರಗಳಿಗೆ) ಒಪ್ಪಿಸಿಬಿಟ್ಟವರಿಗೆ ಈ ಪುರುಸೊತ್ತು ಇರುವುದಿಲ್ಲ.

ಇಡೀ ಆಲ್ಬಂ 35 ನಿಮಿಷ ಚಿಲ್ಲರೆ. ಒಂಬತ್ತು ಹಾಡು. ಮೊದಲರ್ಧದಲ್ಲಿ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ, ನಿಲ್ಲಿಸಿ ನಿಲ್ಲಿಸಿ ಕೇಳಿದರೆ ಸೊಗಸು ಹೋಗುತ್ತದೆ. ನಾನು ಚಿಗರಿ ಬಸ್ಸಿನಲ್ಲಿ ಕೇಳುತ್ತೇನೆ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹತ್ತಿ ಶುರು ಮಾಡಿದರೆ ಹುಬ್ಬಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಹೆಚ್ಚೂ ಕಡಿಮೆ ಮುಗಿದಿರುತ್ತದೆ. ಮೊದಲ ಸಲ ಹಾಡು ಕೇಳಿ. ಎರಡನೇ ಸಲ ಗಾಯಕನನ್ನು ಮರೆತು ಬೇಸ್ ಜೊತೆ ನೀವೂ ಗುನುಗಿ. ಪಕ್ಕದ ಸೀಟಿನವರು ನೋಡಿದರೆ ನೋಡಲಿ.

ಯಜಮಾನರು ಇಷ್ಟಕ್ಕೂ ಒಪ್ಪದಿದ್ದರೆ ಮುಂದಿನ ರಿಹರ್ಸಲ್‌ನಲ್ಲಿ ಎರಡು ಹಾಡು ಬೇಸ್ ಇಲ್ಲದೆ ನುಡಿಸಿ, ಮೂರನೆಯದಕ್ಕೆ ನೀವು ಸೇರಿಕೊಳ್ಳಿ. ಡ್ರಮ್ಸ್‌ನವನ ಮುಖ ನೋಡಲು ಹೇಳಿ ಅವರಿಗೆ.

ಪ್ರಶ್ನೆ: ನೀವು ಹೇಳುವ ಬೇಸ್ ನನ್ನ ಫೋನಿನಲ್ಲಿ ಕೇಳಿಸುವುದೇ ಇಲ್ಲ. ಕಿವಿ ನನ್ನದು ಸರಿಯಿಲ್ಲವೋ, ಫೋನೋ?
— ಓದುಗರು, ನವನಗರ

ಉತ್ತರ: ಫೋನು. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕಪ್ಪು ಒಂದರಲ್ಲಿ ಹಾಡುವ ಗಂಡಸರ ತಂಬೂರಿಯ ಖರ್ಜ ಕೂಡ ಸುಮಾರು 69, ಅದಕ್ಕಿಂತ ಮೇಲೇ. ಉಗುರಿನಷ್ಟು ದೊಡ್ಡ ಸ್ಪೀಕರಿಗೆ ಅಷ್ಟು ಗಾಳಿ ತಳ್ಳುವ ತಾಕತ್ತಿಲ್ಲ. ಮೇಲಿನ ಉಪಸ್ವರಗಳು ಮಾತ್ರ ಹೊರಗೆ ಬರುತ್ತವೆ. ಮಿಕ್ಕದ್ದನ್ನು ಮಿದುಳು ಊಹಿಸಿ ತುಂಬಿಕೊಳ್ಳಲು ನೋಡುತ್ತದೆ, ಆದ್ದರಿಂದ ಬೇಸ್ ಇದೆ ಅನ್ನಿಸುತ್ತದೆ, ಎಲ್ಲಿ ಅಂತ ಹಿಡಿಯಲು ಆಗುವುದಿಲ್ಲ. ಕಿವಿಯೊಳಗೆ ಬಿಗಿಯಾಗಿ ಕೂರುವ ಸಾದಾ ಇಯರ್‌ಫೋನ್ ಸಾಕು. ಸಡಿಲವಾದರೆ ಮೊದಲು ಸೋರಿ ಹೋಗುವುದು ಬೇಸೇ.

ಪ್ರಶ್ನೆ: ಜೇಮರ್ಸನ್ ಕುಡಿದು ನೆಲದ ಮೇಲೆ ಮಲಗಿಕೊಂಡು ಈ ಆಲ್ಬಂ ಪೂರಾ ನುಡಿಸಿದರಂತೆ. ನಮ್ಮ ಸಂಗೀತದ ಗೆಳೆಯರ ಬಳಗದಲ್ಲಿ ಇದೇ ಚರ್ಚೆ. ನಿಜವೇ?
— ಓದುಗರು, ಗದಗ

ಉತ್ತರ: ‘ಪೂರಾ’ ಅನ್ನುವುದು ತಪ್ಪು. ‘ಮರ್ಸಿ ಮರ್ಸಿ ಮಿ’ ಮತ್ತು ಕೊನೆಯ ಹಾಡು ‘ಇನ್ನರ್ ಸಿಟಿ ಬ್ಲೂಸ್’ಗೆ ಬೇಸ್ ನುಡಿಸಿದ್ದು ಬಾಬ್ ಬ್ಯಾಬಿಟ್ ಎಂಬ ಇನ್ನೊಬ್ಬ ಕಸುಬುದಾರರು. ‘ಇನ್ನರ್ ಸಿಟಿ ಬ್ಲೂಸ್’ನ ಆ ಕಪ್ಪುಗಟ್ಟಿದ, ಒಂದೇ ಕಡೆ ಸುತ್ತುವ ಸಾಲನ್ನು ಜೇಮರ್ಸನ್ ಹೆಸರಿಗೆ ಬರೆಯುವವರು ಬಹಳ ಜನ. ಬ್ಯಾಬಿಟ್ ಅವರಿಗೆ ಇದು ಅನ್ಯಾಯ, ಅಲ್ವಾ?

ಮಲಗಿದ ಕಥೆ ಮೊದಲ ಹಾಡಿನದು. ರೆಕಾರ್ಡಿಂಗ್ ನಡೆದದ್ದು 1970ರ ಜೂನ್‌ನಲ್ಲಿ. ಅಲ್ಲಿದ್ದವರು ಹೇಳಿಕೊಂಡು ಬಂದದ್ದು ಹೀಗೆ: ಮಾರ್ವಿನ್ ಗೇ ಅವರಿಗೆ ಜೇಮರ್ಸನ್ನೇ ಬೇಕಾಗಿತ್ತು, ಹುಡುಕಿದರೆ ಸಿಕ್ಕಿದ್ದು ಊರಿನ ಒಂದು ಕ್ಲಬ್‌ನಲ್ಲಿ, ಕರೆತಂದಾಗ ಸ್ಟೂಲ್ ಮೇಲೆ ಕೂರುವ ಸ್ಥಿತಿ ಇರಲಿಲ್ಲ, ಹಾಗಾಗಿ ಬೆನ್ನ ಮೇಲೆ ಮಲಗಿ ನುಡಿಸಿದರು. ಈ ಕಥೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಚಪ್ಪರಿಸಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕುಡಿತದಿಂದ ಆ ಸಾಲು ಬರಲಿಲ್ಲ. ಹತ್ತು ವರ್ಷ ದಿನವಿಡೀ ಅದೇ ಕೋಣೆಯಲ್ಲಿ ನುಡಿಸಿದ ಕೈ ಅದು, ಮಲಗಿದರೂ ದಾರಿ ಗೊತ್ತಿತ್ತು. ಕುಡಿತ ಕೊಟ್ಟದ್ದು ಬೇರೆ. 1983ರಲ್ಲಿ ತೀರಿಕೊಂಡಾಗ ಜೇಮರ್ಸನ್‌ಗೆ 50 ಕೂಡ ತುಂಬಿರಲಿಲ್ಲ.

ಆ ಹಾಡಿನಲ್ಲಿ ಆಕಸ್ಮಿಕಗಳು ಇನ್ನೂ ಇವೆ, ಅವು ಇದಕ್ಕಿಂತ ಸ್ವಾರಸ್ಯ. ಶುರುವಿನ ಸ್ಯಾಕ್ಸೊಫೋನ್ ತುಣುಕು ಎಲೈ ಫಾಂಟೇನ್ ಎಂಬುವರು ಕೈ ಬಿಸಿ ಮಾಡಿಕೊಳ್ಳಲು ನುಡಿಸಿದ್ದು. ಅದನ್ನೇ ಉಳಿಸಿಕೊಂಡರು. ಮಾರ್ವಿನ್ ಗೇ ಹಾಡಿದ ಎರಡು ಟೇಕ್‌ಗಳು ತಪ್ಪಿ ಒಟ್ಟಿಗೆ ಕೇಳಿಸಿದವು, ತಮ್ಮ ಜೊತೆ ತಾವೇ ಹಾಡಿದ ಹಾಗಿದ್ದದ್ದು ಅವರಿಗೆ ಹಿಡಿಸಿತು. ಕಂಪನಿಯ ಮಾಲೀಕರಾದ ಬೆರಿ ಗಾರ್ಡಿಗೆ ಮಾತ್ರ ಹಾಡು ಹಿಡಿಸಲಿಲ್ಲ. 1971ರ ಜನವರಿಯಲ್ಲಿ ಹೊರಬಂದು ಭರ್ಜರಿ ಓಡಿದ ಮೇಲೆ ಮಿಕ್ಕ ಹಾಡುಗಳನ್ನು ಮಾರ್ಚ್‌ನಲ್ಲಿ ಗಡಿಬಿಡಿಯಿಂದ ಮುಗಿಸಿದರು, ಮೇ ತಿಂಗಳಲ್ಲಿ ಆಲ್ಬಂ ಬಂತು.

ನಿಮ್ಮ ಬಳಗದಲ್ಲಿ ಚರ್ಚೆ ಆಗಬೇಕಾದದ್ದು ಆಲ್ಬಂನ ಹೊದಿಕೆಯ ಬಗ್ಗೆ. ಅಲ್ಲಿಯವರೆಗೆ ಮೋಟೌನ್ ಗ್ರಾಮಫೋನ್ ತಟ್ಟೆಗಳ ಮೇಲೆ ವಾದ್ಯದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಜಗತ್ತು ಕುಣಿದದ್ದು ಇವರ ಬೇಸ್‌ಗೆ, ಹೆಸರು ಯಾರಿಗೂ ಗೊತ್ತಿಲ್ಲ. ಈ ಆಲ್ಬಂ ಮೇಲೆ ಹೆಸರುಗಳು ಬಂದವು. ಜೇಮರ್ಸನ್ ಹೆಸರಿನ ಹಿಂದೆ ಸಾಟಿಯಿಲ್ಲದವರು ಎಂಬ ಅರ್ಥದ ವಿಶೇಷಣವನ್ನೂ ಹಾಕಿದ್ದರು. ನಾನು ಒಂದು ಭಕ್ತಿಗೀತೆಗಳ ಕ್ಯಾಸೆಟ್‌ಗೆ ಎಂಟೂ ಹಾಡು ನುಡಿಸಿದ್ದೆ. ಕಂಪನಿಯವರು ಹೊದಿಕೆಯ ಮೇಲೆ ಧ್ವನಿಮುದ್ರಣದವರ, ಚಿತ್ರ ಬರೆದವರ, ಅಷ್ಟೇ ಯಾಕೆ, ಆಶೀರ್ವಾದ ಮಾಡಿದವರ ಹೆಸರನ್ನೂ ಹಾಕಿದ್ದರು. ಬೇಸ್, ತಬಲಾ, ಕೊಳಲು ಸೇರಿ ‘ಮತ್ತು ಸಂಗಡಿಗರು’. ನಮ್ಮ ಅವ್ವ ಆ ಕ್ಯಾಸೆಟ್ ಡಬ್ಬಿ ಎರಡೂ ಕಡೆ ತಿರುಗಿಸಿ ನೋಡಿ, ‘ನಿನ್ನ ಹೆಸರು ಎಲ್ಲೈತೋ?’ ಅಂದಿದ್ದಳು.

ಪ್ರಶ್ನೆ: ನಾನು ಎರಡು ಬೆರಳಲ್ಲಿ ನುಡಿಸುವುದು ಕಲಿಯುತ್ತಿದ್ದೇನೆ. ಜೇಮರ್ಸನ್ ಒಂದೇ ಬೆರಳಲ್ಲಿ ನುಡಿಸುತ್ತಿದ್ದರು, ತಂತಿಯನ್ನು ಬದಲಾಯಿಸುತ್ತಲೇ ಇರಲಿಲ್ಲ ಎಂದು ಓದಿದೆ. ನಾನೂ ಹಾಗೆ ಮಾಡಿದರೆ ಆ ನಾದ ಬರುತ್ತದೆಯೇ? ಹೊಸ ತಂತಿಗೆ ದುಡ್ಡೂ ಜಾಸ್ತಿ.
— ವಿದ್ಯಾರ್ಥಿ, ಹಾವೇರಿ

ಉತ್ತರ: ಎರಡೂ ಹೆಚ್ಚೂ ಕಡಿಮೆ ನಿಜ. ಬಲಗೈಯ ತೋರುಬೆರಳು ಒಂದೇ. ಜೊತೆಯವರು ಅದನ್ನು ಕೊಕ್ಕೆ ಅಂತ ಕರೆಯುತ್ತಿದ್ದರು. ಮರದ ಬೇಸ್‌ನಲ್ಲಿ ಬೆಳೆದ ಬೆರಳು ಅದು. ನೀವು ಎರಡು ಬೆರಳನ್ನು ಬಿಡಬೇಡಿ, ಈಗಿನ ಹಾಡುಗಳಿಗೆ ಬೇಕಾಗುತ್ತದೆ. ದಿನಕ್ಕೆ ಹತ್ತು ನಿಮಿಷ ಮಾತ್ರ ಒಂದೇ ಬೆರಳಲ್ಲಿ ನುಡಿಸಿ ನೋಡಿ. ಎಲ್ಲ ಪೆಟ್ಟೂ ಒಂದೇ ತೂಕಕ್ಕೆ ಬರುತ್ತವೆ.

ತಂತಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅವರದು 1962ರ ಫೆಂಡರ್ ಪ್ರಿಸಿಷನ್ ಬೇಸ್. ಅದಕ್ಕೆ ಹಾಕಿದ್ದು ಲಾ ಬೆಲ್ಲಾ ಕಂಪನಿಯ ದಪ್ಪ ತಂತಿ, ಮೇಲಿನ ಸುತ್ತು ಚಪ್ಪಟೆ. ಕೈಯಾಡಿಸಿದರೆ ನುಣ್ಣಗೆ ಇರುತ್ತದೆ. ಕಡಿದಾಗ ಮಾತ್ರ ಬದಲಾಯಿಸುತ್ತಿದ್ದರು. ಈ ಜಾತಿಯ ತಂತಿ ಹಳತಾದಷ್ಟೂ ನಾದ ಗುಂಡಗಾಗುತ್ತದೆ. ನಿಮ್ಮಲ್ಲಿರುವುದು ಬಹುಶಃ ಉರುಟು ಸುತ್ತಿನದು, ಬೆರಳು ಎಳೆದರೆ ಕರಕರ ಅನ್ನುತ್ತದೆ. ಅದು ಹಳತಾದರೆ ಸುಮ್ನೆ ಸಾಯುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ. ನಮ್ಮ ಕಡೆಯ ಬೇಸಿಗೆ ಕಾಲದ ಧೂಳು, ಬೆವರು ಎರಡೂ ಸೇರಿದರೆ ಇನ್ನೂ ಬೇಗ. ನುಡಿಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿ, ಖರ್ಚು ಅರ್ಧ ಉಳಿಯುತ್ತದೆ.

ಆ ನಾದಕ್ಕೆ ಇನ್ನೊಂದು ಗುಟ್ಟು ಇದೆ, ಅದಕ್ಕೆ ಖರ್ಚೇ ಇಲ್ಲ. ಅವರ ಬೇಸಿನ ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಮೇಲೆ ಲೋಹದ ಮುಚ್ಚಳ ಇತ್ತು, ಅದರೊಳಗೆ ಫೋಮ್ ತುಂಡು. ಅದು ತಂತಿಗೆ ತಾಗಿಕೊಂಡು ನಾದವನ್ನು ಬೇಗ ಅಡಗಿಸುತ್ತಿತ್ತು, ಹಾಗಾಗಿ ಪ್ರತಿ ಸ್ವರವೂ ಧಪ್ ಅಂತ ಬಂದು ಕೂರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ಕಿರುಬೆರಳ ದಪ್ಪಕ್ಕೆ ಕತ್ತರಿಸಿ, ಬ್ರಿಡ್ಜ್ ಹತ್ತಿರ ನಾಲ್ಕೂ ತಂತಿಯ ಕೆಳಗೆ ತೂರಿಸಿ. ತಂತಿಗೆ ಸುಮ್ನೆ ತಾಗಿದರೆ ಸಾಕು, ಮೇಲಕ್ಕೆ ಎತ್ತಬಾರದು. ಎತ್ತಿದರೆ ಶ್ರುತಿ ಏರುತ್ತದೆ. ಹಸಿರು ಒರಟು ಭಾಗ ಬೇಡ, ಹಳದಿ ಮೆತ್ತನೆಯದು ಮಾತ್ರ. ಹೊಸ ಸ್ಪಂಜು ಕತ್ತರಿಸಿ. ನಾನು ಮೊದಲ ಸಲ ಅಡುಗೆಮನೆಯಲ್ಲಿ ಇದ್ದದ್ದನ್ನೇ ಹಾಕಿ, ಮೂರು ದಿನ ಬೇಸ್ ತುಂಬ ಸಾರಿನ ವಾಸನೆ ಇತ್ತು.